ಪಾಠ 9: ವಾರ್ಡಿಗೆಲ್ಲ ಒಬ್ಬರೇ ಸಿಸ್ಟರ್

ಡಾಕ್ಟರು ಬಂದು ನೋಡಿ ಹೋಗುತ್ತಾರೆ. ಹಗಲು ರಾತ್ರಿ ರೋಗಿಯ ಹತ್ತಿರ ಇರುವವರು ನರ್ಸು. ಅವರನ್ನು ನಾವು ಸಿಸ್ಟರ್ ಅಂತೀವಿ.

ಹೆರಿಗೆ ಆಯಿತು. ಇನ್ನು ಭಯವಿಲ್ಲ ಅಂದುಕೊಳ್ಳಬೇಡಿ. ಮೊದಲ 2 ಗಂಟೆ ಬಹಳ ಮುಖ್ಯ. 15 ನಿಮಿಷಕ್ಕೊಮ್ಮೆ ಸಿಸ್ಟರ್ ನಾಡಿ ನೋಡಬೇಕು. ರಕ್ತ ಎಷ್ಟು ಹೋಗುತ್ತಿದೆ ಎಂದು ನೋಡಬೇಕು. ರಕ್ತ ಹೆಚ್ಚು ಹೋದರೆ ತಾಯಿಯ ಜೀವಕ್ಕೇ ಅಪಾಯ.

ಸಿಸ್ಟರ್ ಒಬ್ಬರೇ ಇದ್ದರೆ? ಒಂದು ಕಡೆ ಸೂಜಿ ಹಾಕಬೇಕು. ಇನ್ನೊಂದು ಕಡೆ ಹೆರಿಗೆ. ಎಲ್ಲರನ್ನೂ ನೋಡಲು ಅವರಿಂದ ಆಗದು. ಇದು ಅವರ ತಪ್ಪಲ್ಲ. ಹಲವು ಆಸ್ಪತ್ರೆಗಳಲ್ಲಿ ನರ್ಸುಗಳು ಸಾಲದು. 2018ರಲ್ಲಿ ಪ್ರಪಂಚದಲ್ಲಿ 59 ಲಕ್ಷ ನರ್ಸುಗಳ ಕೊರತೆ ಇತ್ತು. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ನಾವೇನು ಮಾಡೋಣ? ಬಾಣಂತಿಯ ಜೊತೆ ಒಬ್ಬ ಹೆಂಗಸು ಇರಲಿ. ಬಟ್ಟೆ ಬೇಗ ಬೇಗ ನೆನೆಯಿತೇ? ತಲೆ ಸುತ್ತುತ್ತಿದೆಯೇ? ಕೂಡಲೇ ಕೂಗಿ:

"ಸಿಸ್ಟರ್, ಬೇಗ ಬನ್ನಿ! ರಕ್ತ ಹೋಗ್ತಾ ಇದೆ!"

ನಾಚಿಕೆ ಬೇಡ.

ಗ್ರಾಮಸಭೆಯಲ್ಲಿ ಕೇಳೋಣ: "ನಮ್ಮ ಆಸ್ಪತ್ರೆಗೆ ಎಷ್ಟು ನರ್ಸು ಬೇಕು? ಎಷ್ಟು ಜನ ಇದ್ದಾರೆ? ಖಾಲಿ ಜಾಗ ಯಾವಾಗ ತುಂಬುತ್ತೀರಿ?"

ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ.

ಚರ್ಚಿಸಿ: ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿ ಎಷ್ಟು ನರ್ಸುಗಳು ಇರುತ್ತಾರೆ?

ಓದಿ, ಬರೆಯಿರಿ: ನರ್ಸು, ನಾಡಿ, ಬಾಣಂತಿ, ಅರ್ಜಿ.