ಗೊಂಬೆ ಹಬ್ಬದ ಬೆಟ್ಟಕ್ಕೆ ಯಾವ ಅಂಟು?

ಪುಟ್ಟೀ, ಈ ಸಲ ಗೊಂಬೆ ಹಬ್ಬಕ್ಕೆ ಚಾಮುಂಡಿ ಬೆಟ್ಟವನ್ನು ನೀನೇ ಮಾಡುತ್ತೀಯಂತೆ. ಬಹಳ ಸಂತೋಷ ಆಯಿತು. ಅಂಗಡಿಗೆ ಹೋಗಿ 'ಎಲ್ಲಕ್ಕಿಂತ ಗಟ್ಟಿ ಅಂಟು ಕೊಡಿ' ಅಂತ ಮಾತ್ರ ಕೇಳಬೇಡ. ಯಾವುದಕ್ಕೆ ಯಾವುದನ್ನು ಅಂಟಿಸುತ್ತೀಯ, ಅಂಟಿನೊಳಗಿನ ನೀರು ಯಾವ ಕಡೆಯಿಂದ ಆರಿಹೋಗುತ್ತದೆ, ಇವೆರಡನ್ನು ಮೊದಲು ಯೋಚಿಸು.

ಬೆಟ್ಟದ ಒಡಲು ಥರ್ಮಾಕೋಲ್ ತಾನೆ? ಚಪ್ಪಲಿ ಹೊಲಿಯುವವರ ಹತ್ತಿರ ಇರುವ ಹಳದಿ ಸಲ್ಯೂಷನ್ ತಾಗಿದರೆ ಅದರ ದ್ರಾವಕ ಥರ್ಮಾಕೋಲನ್ನೇ ಕರಗಿಸಿ ಗುಳಿ ಮಾಡುತ್ತದೆ. ಫೆವಿಕ್ವಿಕ್ ಥರದ್ದೂ ಅದನ್ನು ತಿನ್ನುತ್ತದೆ. ಬೆಟ್ಟದ ಮಂಜಿಗೆಂದು ಹತ್ತಿ ಇಟ್ಟುಕೊಂಡಿದ್ದರೆ ಅದರ ಹತ್ತಿರವಂತೂ ಫೆವಿಕ್ವಿಕ್ ತರಲೇಬೇಡ. ಹತ್ತಿಗೆ ಬಿದ್ದರೆ ಬೆರಳು ಸುಡುವಷ್ಟು ಕಾಯುತ್ತದೆ. ಗ್ಲೂ ಗನ್ನಿನ ಬಿಸಿಗೂ ಥರ್ಮಾಕೋಲ್ ಕುಗ್ಗುತ್ತದೆ. ಹಾಗಾಗಿ ಬಿಳಿ ಫೆವಿಕಾಲೇ ಸರಿ.

ಆದರೆ ಅದರಲ್ಲೂ ಒಂದು ತೊಡಕಿದೆ. ಫೆವಿಕಾಲ್ ಗಟ್ಟಿಯಾಗುವುದು ನೀರು ಆರಿದಾಗ. ಎರಡು ಥರ್ಮಾಕೋಲ್ ಹಾಳೆಗಳ ನಡುವೆ ದಪ್ಪಗೆ ಬಳಿದರೆ ಅಂಚು ಮಾತ್ರ ಒಣಗಿ, ನಡುವೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ತೆಳ್ಳಗೆ ಬಳಿ. ಪದರಗಳಿಗೆ ಟೂತ್‌ಪಿಕ್ ಚುಚ್ಚಿ, ಮೇಲೆ ನಾಲ್ಕು ಪುಸ್ತಕ ಹೇರು. ಈ ಕೆಲಸ ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮುಂಚೆಯೇ ಮುಗಿಯಲಿ.

ಹಸಿರಿಗೆ ಬಣ್ಣ ಹಾಕಿದ ಮರದ ಹೊಟ್ಟು ಚೆನ್ನ. ಇಳಿಜಾರಿಗೆ ಫೆವಿಕಾಲ್ ಬಳಿದು ಹೊಟ್ಟು ಉದುರಿಸು. ಒಣಗಿದ ಮೇಲೆ ಸಡಿಲ ಕಂಡಲ್ಲಿ ಅಷ್ಟೇ ಅಳತೆ ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರಿನಿಂದ ತೊಟ್ಟಿಕ್ಕಿಸು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಲು ಮರೆಯಬೇಡ. ಇಲ್ಲದಿದ್ದರೆ ಅಂಟು ಹೊಟ್ಟಿನೊಳಗೆ ಇಳಿಯದೆ ಮೇಲೆಯೇ ಗುಂಡಗೆ ನಿಂತು, ಹೊಟ್ಟನ್ನೂ ಎಳೆದುಕೊಂಡು ಉರುಳುತ್ತದೆ.

ಮೆಟ್ಟಿಲಿಗೆ ರಟ್ಟು ಸಾಕು. ನಿಜವಾದ ಬೆಟ್ಟದಲ್ಲಿ ಸುಮಾರು 1,000 ಮೆಟ್ಟಿಲು, 700ರ ಹತ್ತಿರ ನಂದಿ. ನಿನ್ನ ನಂದಿಯೂ ಆ ಎತ್ತರಕ್ಕೇ ಬರಲಿ. ಆದರೆ ಮಣ್ಣಿನ ನಂದಿಗೆ ಅಂಟು ಮುಟ್ಟಿಸಬೇಡ, ಥರ್ಮಾಕೋಲಿನಲ್ಲಿ ಸಣ್ಣ ತಗ್ಗು ಕೊರೆದು ಕೂರಿಸು. ಅಜ್ಜಿ ಕಾಲದ ಗೊಂಬೆಗಳು ಹಬ್ಬ ಮುಗಿದ ಮೇಲೆ ಪೆಟ್ಟಿಗೆಗೆ ಹಿಂದಿರುಗಬೇಕು, ಅವಕ್ಕೆ ಅಂಟಿನ ಕಲೆ ಆಗಬಾರದು.

ಬೆಟ್ಟದ ಬುಡದಲ್ಲಿ ರಾಗಿ ಪೈರು ಬೆಳೆಸುತ್ತೀಯಾದರೆ ಬೇರೆ ತಟ್ಟೆಯಲ್ಲಿಡು. ಒಣಗಿದ ಫೆವಿಕಾಲೂ ನೀರು ತಾಗುತ್ತಿದ್ದರೆ ಮೆತ್ತಗಾಗುತ್ತದೆ. ಹಿಂದಿನ ಆಕಾಶದ ಕಾಗದಕ್ಕೆ ಮೈದಾ ಅಂಟು ಸಾಕು. ಹುಳು ಬಾರದಿರಲಿ ಅಂತ ಅದಕ್ಕೆ ಮೈಲುತುತ್ತ ಬೆರೆಸುವವರಿದ್ದಾರೆ. ಅದು ವಿಷ, ನೀನು ಬೆರೆಸಬೇಡ.

ಯಾವ ಅಂಟನ್ನೇ ತಾ, ಮೊದಲು ಎರಡು ಚೂರುಗಳಿಗೆ ಹಚ್ಚಿ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಎಳೆದು ನೋಡು. ಬೆಸುಗೆ ಬಿಡದೆ ಥರ್ಮಾಕೋಲಿನ ಕಾಳುಗಳೇ ಕಿತ್ತು ಬಂದರೆ ಆ ಅಂಟಿನಲ್ಲಿ ಕೆಲಸ ಶುರು ಮಾಡಬಹುದು.