ಲಂಟಾನದ ಆನೆಗಳು

ಮುಂಜಾವದಲ್ಲಿ ನಮ್ಮ ತಾಯಂದಿರು ಅಂಗಳವನ್ನು ಸಾರಿಸಿ ರಂಗವಲ್ಲಿಯನ್ನಿಡುವರು. ಅದನ್ನು ಕಾಣುವವರಾರು? ಹಾಲು ತರುವವನು, ಚಹದ ತೋಟಕ್ಕೆ ನಡೆಯುವ ಕೆಲಸಗಾರರು, ಹೆಸರರಿಯದ ದಾರಿಹೋಕರು. ಅವರು ಬೆಲೆ ಕೊಡುವುದಿಲ್ಲ, ಇಟ್ಟವರು ಕೇಳುವುದೂ ಇಲ್ಲ. ಗುರುತಿಲ್ಲದವರ ಕಣ್ಣಿಗೆ ಕಲೆಯನ್ನು ಒಪ್ಪಿಸುವ ಈ ಪದ್ಧತಿಯು ನಮ್ಮ ನೀಲಗಿರಿಯ ಗೂಡಲೂರಿನಲ್ಲಿ ಬೇರೊಂದು ರೂಪವನ್ನು ತಾಳಿ ಸಮುದ್ರವನ್ನೂ ದಾಟಿತು. ಅದರ ವಿಷಯವನ್ನು ವಿದ್ಯಾರ್ಥಿಗಳು ತಿಳಿದಿರತಕ್ಕದ್ದು.

ಮೊದಲು ಗಿಡದ ಮಾತು. ಲಂಟಾನವು ಈ ದೇಶದ್ದಲ್ಲ. ಅಮೆರಿಕಾ ಖಂಡದ ಉಷ್ಣಪ್ರದೇಶದ ಈ ಗಿಡವನ್ನು ಹೂವಿನ ಅಂದಕ್ಕೆ ಮನಸೋತ ಆಂಗ್ಲರು 19ನೆಯ ಶತಮಾನದ ಆದಿಯಲ್ಲಿ ತಂದು ಉದ್ಯಾನಗಳಲ್ಲಿ ನೆಟ್ಟರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಬೀರಿದವು. ಈಗ ಮುದುಮಲೆಯಲ್ಲಿಯೂ ಮಸಿನಗುಡಿಯ ಸುತ್ತಲೂ ಅದರ ಪೊದೆಗಳು ಹಬ್ಬಿ, ಅವುಗಳ ಅಡಿಯಲ್ಲಿ ಹುಲ್ಲು ಬೆಳೆಯದಂತಾಗಿದೆ. ಹುಲ್ಲು ಕುಗ್ಗಿದರೆ ಆನೆಯ ಮೇವೂ ಕುಗ್ಗುವುದಷ್ಟೆ.

ಈ ಕಳೆಯಿಂದಲೇ ಆನೆಯನ್ನು ನಿರ್ಮಿಸಬೇಕೆಂದು ಹೊರಟವರು ರಿಯಲ್ ಎಲಿಫೆಂಟ್ ಕಲೆಕ್ಟಿವ್ ಎಂಬ ಬಳಗದವರು. ಕೈಗಳು ಮಾತ್ರ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯ್ಕ, ಸೋಲಿಗ ಜನರವು. ಸುಮಾರು 200 ಮಂದಿ. ಕಡ್ಡಿಗಳನ್ನು ಕಡಿದು ತಂದು, ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಮೆತ್ತಗಿರುವಾಗಲೇ ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಬಗ್ಗಿಸಿ ಬಿಗಿಯುವರು. ತಣಿದ ಕಡ್ಡಿ ಬಗ್ಗದು. ಆದುದರಿಂದ ಕೈ ಚುರುಕಾಗಿರಬೇಕು. ಗಾತ್ರವು ನಿಜವಾದ ಆನೆಯದೇ. ಅಷ್ಟೇ ಅಲ್ಲ, ಒಂದೊಂದು ಪ್ರತಿಮೆಗೂ ಈ ಸೀಮೆಯಲ್ಲಿ ಜನರು ಕಂಡ ಒಂದೊಂದು ಆನೆಯೇ ಮಾದರಿ. ಕಿವಿಯ ಅಂಚು, ಬೆನ್ನಿನ ಇಳಿಜಾರು, ದಂತದ ತಿರುವು ಇವನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಈ ಹಿಂಡು 2021ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕ್, ಸೇಂಟ್ ಜೇಮ್ಸ್ ಪಾರ್ಕುಗಳ ಹುಲ್ಲಿನ ಮೇಲೆ ನಿಂತಿತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕಾಣಿಸಿತು. ಅದೇ ವರ್ಷ ನೂರರಷ್ಟು ಆನೆಗಳು ಅಮೆರಿಕೆಯ ನ್ಯೂಪೋರ್ಟಿನಿಂದ ಹೊರಟು, ನ್ಯೂಯಾರ್ಕನ್ನು ಹಾದು, 2025ರಲ್ಲಿ ಲಾಸ್ ಏಂಜಲಿಸ್ ಪ್ರದೇಶವನ್ನು ಮುಟ್ಟಿದವು. ಬಯಲಿನಲ್ಲಿ ನಿಂತ ಆನೆಗೆ ಗೋಡೆಯಿಲ್ಲ, ಬಾಗಿಲಿಲ್ಲ. ಮಕ್ಕಳು ಸೊಂಡಿಲನ್ನು ಮುಟ್ಟಿ ನೋಡಿದರು.

ಹಾಗಾದರೆ ಇದು ಪೂರ್ಣ ದಾನವೇ? ಅಲ್ಲ. ಪ್ರತಿಮೆಗಳನ್ನು ಮಾರುವುದೂ ಉಂಟು. ಆ ಹಣವು ವನ್ಯಜೀವಿಗಳಿಗೂ ಜನರಿಗೂ ಹೊಂದಿಕೆ ತರುವ ಕಾರ್ಯಗಳಿಗೆ ಸಲ್ಲುತ್ತದೆ. ನೋಟ ಎಲ್ಲರದಾಗಲಿ, ಆದರೆ ಕಡ್ಡಿ ಬಗ್ಗಿಸಿದವನಿಗೆ ಕೂಲಿ ದೊರೆಯಲೇಬೇಕೆಂಬುದು ನನ್ನ ಮತ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನೂರು ಆನೆಗಳಿಗೆ ಬೇಕಾದ ಕಡ್ಡಿಯನ್ನು ಕಡಿದುದರಿಂದ ಕಾಡೇನೂ ತೆರವಾಗದು. ಬೇರನ್ನು ಕೀಳದೆ ಮೇಲ್ಭಾಗವನ್ನಷ್ಟೆ ಕಡಿದರೆ ಲಂಟಾನವು ಮತ್ತೆ ಚಿಗುರುವುದು.

ದೂರದ ಮಕ್ಕಳು ನಕ್ಕು ಮುಟ್ಟಿದ ಆ ಸೊಂಡಿಲನ್ನು ನಮ್ಮ ಮಕ್ಕಳು ದಾರಿಯ ತಿರುವಿನಲ್ಲಿ ಜೀವಂತವಾಗಿ ಕಾಣುತ್ತಾರೆ. ಅಂದು ಅವರು ಶಾಲೆಗೆ ತಡವಾಗಿ ಬರುತ್ತಾರೆ; ನಾನು ಕಾರಣವನ್ನು ಕೇಳುವುದಿಲ್ಲ.