ಪಿಕಪ್ ಬಂಡಿಯ ಗಾಳಿಶೋಧಕದ ಆಯ್ಕೆ

ಸುಗ್ಗಿಯಲ್ಲಿ ಕಳದ ಹಾದಿಯಲ್ಲಿ ಓಡಾಡುವ ಪಿಕಪ್ ಬಂಡಿಯ ಯಂತ್ರವು ಸೆಳೆದುಕೊಳ್ಳುವ ಗಾಳಿಯು ಅಲ್ಪವಲ್ಲ. 2.5 ಲೀಟರಿನ ಡೀಸಲ್ ಯಂತ್ರವು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸುಮಾರು 2500 ಲೀಟರು ಗಾಳಿಯನ್ನು ಎಳೆಯುವುದು. ಟರ್ಬೊ ಉಳ್ಳದ್ದಾದರೆ ಇನ್ನೂ ಹೆಚ್ಚು. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಎರಕದ ಕಬ್ಬಿಣಕ್ಕಿಂತ ಕಠಿಣವಾದುವು. ಅವು ಒಳಹೊಕ್ಕರೆ ಸಿಲಿಂಡರುಗಳೂ ಪಿಸ್ಟನ್ನಿನ ಉಂಗುರಗಳೂ ಸವೆಯುವುವು.

ಬಂಡಿಯೊಡನೆ ಬರುವ ಶೋಧಕವು ಸಾಮಾನ್ಯವಾಗಿ ಮಡಿಕೆಯ ಕಾಗದದ್ದು. ಹೆಚ್ಚು ಶಕ್ತಿ ಬರುವುದೆಂದು ಹೇಳಿ ಅಂಗಡಿಗಳಲ್ಲಿ ಮಾರುವುದು ಎಣ್ಣೆ ಸವರಿದ ಹತ್ತಿಬಟ್ಟೆಯದು. ಇದನ್ನು ತೊಳೆದು ಮರಳಿ ಬಳಸಬಹುದೆಂಬುದೂ, ಗಾಳಿಯು ಸರಾಗವಾಗಿ ಹಾಯುವುದೆಂಬುದೂ ನಿಜವೇ. ಆದರೆ ಸಾಮಾನ್ಯವಾಗಿ ನುಣ್ಣನೆಯ ಧೂಳೂ ಕಾಗದದಲ್ಲಿ ಹಾಯುವುದಕ್ಕಿಂತ ಹೆಚ್ಚಾಗಿ ಒಳಸೇರುವುದು. ಎಣ್ಣೆ ಮಿತಿಮೀರಿದರೆ ಹಲವು ಬಂಡಿಗಳಲ್ಲಿ ಗಾಳಿಯನ್ನು ಅಳೆಯುವ ಸೂಕ್ಷ್ಮ ತಂತಿಗೆ ಅದು ಅಂಟಿ ಅಳತೆ ಕೆಡುವುದು. ಕಡಮೆಯಾದರೆ ಧೂಳು ನಿಲ್ಲದು. ಶಕ್ತಿಯ ಲಾಭವೋ, ಹೊರೆ ಹೊತ್ತ ಬಂಡಿಯಲ್ಲಿ ಗೊತ್ತಾಗುವಷ್ಟಿಲ್ಲ. ಕಾಗದವಾದರೋ ತುಸು ಧೂಳು ಕೂಡಿದ ಮೇಲೆ ಹೊಸದಕ್ಕಿಂತ ಚೆನ್ನಾಗಿ ಸೋಸುವುದು. ಆದಕಾರಣ ದಿನವೂ ತೆಗೆದು ಕೊಡಹುವ ಅಭ್ಯಾಸವು ಒಳ್ಳೆಯದಲ್ಲ.

ಬೇರೆ ತಯಾರಕರ ಅಗ್ಗದ ಕಾಗದದ ಶೋಧಕವನ್ನು ಕೊಳ್ಳುವವರು, ಅಂಚಿನ ರಬ್ಬರು ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂರುವುದೇ ಎಂಬುದನ್ನು ಮೊದಲು ನೋಡತಕ್ಕದ್ದು. ಶೋಧಕದಾಚೆಯ ಕೊಳವೆಯೊಳಗೆ ಬೆರಳಾಡಿಸಿದಾಗ ಮಣ್ಣು ಅಂಟಿದರೆ, ಎಲ್ಲಿಯೋ ಸಂದು ಬಿಟ್ಟಿದೆಯೆಂದೇ ತಿಳಿದು ಬಂಡಿಯನ್ನು ನಿಲ್ಲಿಸಿ ಸರಿಪಡಿಸತಕ್ಕದ್ದು.